ಹೆಸರು ಮುಂದೆ, ಪಥ ಹಿಂದೆ: ತ್ವರಿತ ಬಸ್ ಸಾರಿಗೆಯ ಐವತ್ತು ವರ್ಷ

ಬಸ್ ಸೇವೆಗೆ ಹೊಸ ಹೆಸರಿಟ್ಟು ಬಣ್ಣ ಬಳಿಸಲು ಕೆಲವು ತಿಂಗಳು ಸಾಕು. ಅದೇ ಬಸ್ಸಿಗೆ ಪ್ರತ್ಯೇಕ ಪಥ ಕಟ್ಟಬೇಕೆಂದರೆ ಭೂಸ್ವಾಧೀನವಾಗಬೇಕು, ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕಂಬಗಳು ಜಾಗ ಬದಲಿಸಬೇಕು. ಅದು ವರ್ಷಗಟ್ಟಲೆ ಎಳೆಯುತ್ತದೆ. ಹಾಗಾಗಿ ಎರಡನ್ನೂ ಒಂದೇ ದಿನ ಘೋಷಿಸಿದರೂ ಹೆಸರು ಮುಂದೆ ಓಡುತ್ತದೆ, ಪಥ ಹಿಂದೆ ಉಳಿಯುತ್ತದೆ. ಬಿಆರ್‌ಟಿ (ಬಸ್ ರ‍್ಯಾಪಿಡ್ ಟ್ರಾನ್ಸಿಟ್), ಅಂದರೆ ತ್ವರಿತ ಬಸ್ ಸಾರಿಗೆ, ಎಲ್ಲಿ ನಿಂತಿತು, ಎಲ್ಲಿ ಬಿದ್ದಿತು ಎಂಬುದನ್ನು ಬಹುಮಟ್ಟಿಗೆ ಈ ಅಂತರವೇ ತೀರ್ಮಾನಿಸಿದೆ.

ಬ್ರೆಜಿಲ್‌ನ ಕುರಿಟಿಬಾ 1974ರಲ್ಲಿ ಮೊದಲ ಬಸ್ ಪಥ ತೆರೆದಾಗ ಈ ತೊಂದರೆ ಇರಲಿಲ್ಲ. ಮೇಯರ್ ಜೈಮೆ ಲರ್ನರ್ ಅವರ ಕಾಲದಲ್ಲಿ ಪಥ ಮೊದಲು ಬಂತು. ಕೊಳವೆಯಾಕಾರದ ನಿಲ್ದಾಣಗಳು ಬಂದದ್ದು 1991ರಲ್ಲಿ. ಅಂದರೆ ಇಂದು ಆ ಊರಿನ ಗುರುತಾಗಿರುವ ನಿಲ್ದಾಣ ಪಥಕ್ಕಿಂತ ಹದಿನೇಳು ವರ್ಷ ಕಿರಿಯದು. ಕೊಳವೆ ನೋಡಲು ಚಂದ ಎಂಬುದು ಪಕ್ಕಕ್ಕಿರಲಿ, ಅದು ಮಾಡುವ ಕೆಲಸ ದೊಡ್ಡದು. ಪ್ರಯಾಣಿಕರು ಒಳಗೆ ಬರುವಾಗಲೇ ಹಣ ಕೊಟ್ಟಿರುತ್ತಾರೆ, ಬಸ್ಸಿನ ನೆಲದ ಎತ್ತರದಲ್ಲೇ ನಿಂತಿರುತ್ತಾರೆ. ಮೆಟ್ಟಿಲು ಹತ್ತಿ ಒಂದೇ ಬಾಗಿಲಲ್ಲಿ ಹಣ ಕೊಟ್ಟು ಒಳಹೋಗಲು ಒಬ್ಬರಿಗೆ 3–4 ಸೆಕೆಂಡ್ ಹಿಡಿಯುತ್ತದೆ. ಸಮಮಟ್ಟದಲ್ಲಿ, ಅಗಲದ ಬಾಗಿಲುಗಳಲ್ಲಿ, ಟಿಕೆಟ್ ಮೊದಲೇ ಆಗಿದ್ದರೆ ಸರಾಸರಿ ಒಂದು ಸೆಕೆಂಡ್‌ನ ಆಸುಪಾಸು. ನಲವತ್ತು ಜನ ಹತ್ತುವ ನಿಲ್ದಾಣದಲ್ಲಿ ಇದು ಎರಡು ನಿಮಿಷಕ್ಕೂ ಮುಕ್ಕಾಲು ನಿಮಿಷಕ್ಕೂ ಇರುವ ವ್ಯತ್ಯಾಸ. ಬಸ್ಸಿನ ವೇಗ ಹೆಚ್ಚುವುದು ಎಂಜಿನ್ನಿನಿಂದಲ್ಲ, ಇಲ್ಲಿಂದ.

ಕೊಲಂಬಿಯಾದ ರಾಜಧಾನಿ ಬೊಗೋಟಾ ಇನ್ನೊಂದು ಪಾಠ ಕಲಿತದ್ದು ತನ್ನದೇ ಸೋಲಿನಿಂದ. ಅಲ್ಲಿನ ಕರಾಕಾಸ್ ಅವೆನ್ಯೂನಲ್ಲಿ 1990ರ ಸುಮಾರಿಗೇ ಬಸ್ ಪಥವಿತ್ತು. ಆದರೆ ಯಾವ ಮಾಲೀಕನ ಬಸ್ಸಾದರೂ ಒಳಗೆ ನುಗ್ಗಬಹುದಿತ್ತು, ಪಥವೇ ಜಾಮ್ ಆಯಿತು. 2000ದ ಡಿಸೆಂಬರ್‌ನಲ್ಲಿ ಮೇಯರ್ ಎನ್ರಿಕೆ ಪೆನ್ಯಲೋಸಾ ಅವರ ಆಡಳಿತ ಅದೇ ರಸ್ತೆಯಲ್ಲಿ ‘ಟ್ರಾನ್ಸ್‌ಮಿಲೆನಿಯೊ’ ಎಂಬ ಬಿಆರ್‌ಟಿ ಸೇವೆ ಆರಂಭಿಸಿತು. ಕೆಂಪು ಬಸ್ಸು, ಹೊಸ ಹೆಸರು ಎಲ್ಲರ ಕಣ್ಣಿಗೆ ಬಿತ್ತು. ಒಳಗಿನ ಬದಲಾವಣೆ ಎರಡು: ಒಪ್ಪಂದವಿರುವ ಬಸ್ಸಿಗಷ್ಟೇ ಪ್ರವೇಶ, ಮತ್ತು ಓವರ್‌ಟೇಕ್ ಮಾಡಲು ದಿಕ್ಕಿಗೊಂದು ಹೆಚ್ಚುವರಿ ಪಥ. ಈ ಎರಡನೆಯದನ್ನು ಜಾಗ ಉಳಿಸಲೆಂದು ಕೈಬಿಡುವವರೇ ಹೆಚ್ಚು. ಬಸ್ ನಿಂತು ಜನ ಇಳಿದು ಹತ್ತಲು 25 ಸೆಕೆಂಡ್, ಒಳಬಂದು ಹೊರಡಲು 15–20 ಸೆಕೆಂಡ್ ಎಂದಿಟ್ಟುಕೊಳ್ಳಿ. ಹಿಂದಿನ ಬಸ್ಸಿಗೆ ದಾಟುವ ಜಾಗವಿಲ್ಲದ ಒಂಟಿ ನಿಲುಗಡೆಯಲ್ಲಿ ಗಂಟೆಗೆ ಐವತ್ತು–ಅರವತ್ತು ಬಸ್ ಬಂದರೆ ಸಾಲು ಬೆಳೆಯತೊಡಗುತ್ತದೆ. ಒಂದು ಬಸ್ ಕೆಟ್ಟು ನಿಂತರಂತೂ ಹಿಂದಿನವೆಲ್ಲ ಅಲ್ಲೇ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲ ಕಡೆ ನಿಲ್ಲುವ ಬಸ್ಸನ್ನು ಹಿಂದೆ ಹಾಕಿ ಸಾಗುವ ತಡೆರಹಿತ ಬಸ್ ಓಡಿಸಲು ಆಗುವುದೇ ಇಲ್ಲ.

ಅಮೆರಿಕದ ನಗರ, ಉಪನಗರಗಳು ಬೇರೆ ದಾರಿ ಹಿಡಿದವು. ಲಾಸ್ ಏಂಜಲೀಸ್ 2000ದಲ್ಲಿ ‘ಮೆಟ್ರೊ ರ‍್ಯಾಪಿಡ್’ ಎಂದು ಕೆಂಪು ಬಸ್ ಬಿಟ್ಟಿತು. ಪ್ರತ್ಯೇಕ ಪಥವಿರಲಿಲ್ಲ. ನಿಲುಗಡೆ ಕಡಿಮೆ ಮಾಡಿ, ಬಸ್ ಹತ್ತಿರ ಬಂದಾಗ ಹಸಿರು ದೀಪವನ್ನು ಕೆಲವು ಸೆಕೆಂಡ್ ಉದ್ದ ಮಾಡುವ ವ್ಯವಸ್ಥೆ ಅಳವಡಿಸಿದರು. ಪ್ರಯಾಣದ ಸಮಯ ಹೆಚ್ಚುಕಡಿಮೆ ಕಾಲುಭಾಗ ಇಳಿಯಿತು. ಷಿಕಾಗೊ ಉಪನಗರಗಳ ಬಸ್ ಸಂಸ್ಥೆ ಪೇಸ್ 2019ರಲ್ಲಿ ಆರಂಭಿಸಿದ ‘ಪಲ್ಸ್’ ಸೇವೆಯದೂ ಇದೇ ಜಾಡು: ನೇರಳೆ ಬಣ್ಣ, ಎತ್ತರದ ಕಟ್ಟೆ, ಬಸ್ ಎಷ್ಟು ನಿಮಿಷಕ್ಕೆ ಬರುತ್ತದೆಂದು ತೋರುವ ಫಲಕ, ಸಿಗ್ನಲ್ ಆದ್ಯತೆ, ಆದರೆ ರಸ್ತೆ ಎಲ್ಲರದು. ಇದು ಮೋಸವೇನಲ್ಲ, ಕಡಿಮೆ ಖರ್ಚಿನಲ್ಲಿ ಸಿಗುವ ನಿಜವಾದ ಲಾಭ. ಮಿತಿ ಒಂದೇ: ದಟ್ಟಣೆ ಹೆಚ್ಚಾದ ದಿನ ಹೊಸ ಹೆಸರಿನ ಬಸ್ಸೂ ಕಾರುಗಳ ಹಿಂದೆಯೇ ನಿಲ್ಲುತ್ತದೆ.

ಪಥ ಕಟ್ಟಿದ ಮಾತ್ರಕ್ಕೆ ಮುಗಿಯುವುದಿಲ್ಲ ಎಂಬುದಕ್ಕೂ ಲಾಸ್ ಏಂಜಲೀಸೇ ಸಾಕ್ಷಿ. ಸ್ಯಾನ್ ಫರ್ನಾಂಡೊ ಕಣಿವೆಯ ಹಳೆಯ ರೈಲು ದಾರಿಯಲ್ಲಿ 2005ರಲ್ಲಿ ಆರೆಂಜ್ ಲೈನ್ ಎಂಬ ಪ್ರತ್ಯೇಕ ಬಸ್ ಪಥ ತೆರೆದಾಗ ಅಡ್ಡರಸ್ತೆಗಳಲ್ಲಿ ಕೆಂಪು ದೀಪ ದಾಟಿ ಬಂದ ಕಾರುಗಳು ಬಸ್ಸಿಗೆ ಡಿಕ್ಕಿ ಹೊಡೆದವು. ಆಮೇಲೆ ಬಸ್‌ಗಳು ದಾಟುಗಳಲ್ಲಿ ಗಂಟೆಗೆ 10 ಮೈಲಿಗೆ, ಅಂದರೆ ಸುಮಾರು 16 ಕಿ.ಮೀ.ಗೆ ಇಳಿಯಬೇಕಾಯಿತು. ಪಥದ ಉದ್ದಕ್ಕೂ ಗಳಿಸಿದ ಸಮಯ ಕೂಡುರಸ್ತೆಯಲ್ಲಿ ಸೋರಿಹೋಗುತ್ತದೆ.

ಭಾರತದಲ್ಲಿ 2005ರ ಡಿಸೆಂಬರ್‌ನಲ್ಲಿ ಬಂದ ಕೇಂದ್ರ ಸರ್ಕಾರದ ನಗರಾಭಿವೃದ್ಧಿ ಯೋಜನೆ ಜೆ-ನರ್ಮ್‌ನ ಹಣ ನಗರಗಳನ್ನು ಬಿಆರ್‌ಟಿಯತ್ತ ತಿರುಗಿಸಿತು. ಪುಣೆ 2006ರ ಕೊನೆಯಲ್ಲಿ ಕಾತ್ರಜ್–ಹಡಪ್‌ಸರ್ ಮಾರ್ಗದಲ್ಲಿ ಕೆಲಸ ಪೂರ್ತಿಯಾಗುವ ಮೊದಲೇ ಬಸ್ ಬಿಟ್ಟು ಹೆಸರು ಕೆಡಿಸಿಕೊಂಡಿತು. 2015ರಲ್ಲಿ ಹೊಸ ಮಾರ್ಗಗಳಿಗೆ ‘ರೇನ್‌ಬೋ’ ಎಂಬ ಬೇರೆಯೇ ಹೆಸರಿಡಬೇಕಾಯಿತು.

ದೆಹಲಿಯದು ಹೆಚ್ಚು ನೋವಿನ ಕಥೆ. 2008ರಲ್ಲಿ ತೆರೆದ ಅಂಬೇಡ್ಕರ್ ನಗರ–ಮೂಲ್‌ಚಂದ್ ಮಾರ್ಗ 5.8 ಕಿ.ಮೀ. ಯಾವ ಬಸ್ಸಾದರೂ ಪಥಕ್ಕೆ ಬರಬಹುದಿತ್ತು, ಟಿಕೆಟ್ ಬಸ್ಸಿನೊಳಗೇ. ನಿಲುಗಡೆಗಳನ್ನು ಸಿಗ್ನಲ್ ಗೆರೆಯ ಹತ್ತಿರವೇ ಇಟ್ಟಿದ್ದರು. ಮುಂದಿನ ಬಸ್ಸಿಗೆ ಜನ ಹತ್ತುತ್ತಿದ್ದಂತೆ ಹಸಿರು ಮುಗಿಯುತ್ತಿತ್ತು, ಹಿಂದಿನ ಬಸ್ಸುಗಳು ಇನ್ನೊಂದು ಸುತ್ತು ಕಾಯುತ್ತಿದ್ದವು. ಬಸ್ ಪಥ ರಸ್ತೆಯ ನಡುವೆ ಇದ್ದಾಗ ಅದನ್ನು ಅಡ್ಡ ಹಾಯ್ದು ಬಲಕ್ಕೆ ತಿರುಗುವ ವಾಹನಗಳಿಗೆ ಬೇರೆಯೇ ಸಿಗ್ನಲ್ ಸರದಿ ಬೇಕು. ನಾಲ್ಕು ದಿಕ್ಕಿಗೂ ಸರದಿ ಹಂಚಿದರೆ ಒಬ್ಬೊಬ್ಬರಿಗೆ ಸಿಗುವುದು ಸುತ್ತಿನ ಕಾಲುಭಾಗಕ್ಕಿಂತ ಕಡಿಮೆ. ಬಲ ತಿರುವನ್ನು ನಿಷೇಧಿಸಿ ಮುಂದೆ ಯು-ತಿರುವು ಕೊಟ್ಟರೆ ಎರಡೇ ಸರದಿ ಸಾಕು, ಹಸಿರಿನ ಪಾಲು ಹೆಚ್ಚುಕಡಿಮೆ ಇಮ್ಮಡಿ. ದೆಹಲಿಯ ದೊಡ್ಡ ಕೂಡುರಸ್ತೆಗಳಲ್ಲಿ ಸರದಿ ಇಳಿಸುವ ಈ ಕೆಲಸ ಆಗಲಿಲ್ಲ. 2012ರಲ್ಲಿ ಹೈಕೋರ್ಟ್ ಯೋಜನೆಯ ಪರ ನಿಂತರೂ 2016ರಲ್ಲಿ ಪಥವನ್ನು ಕಿತ್ತುಹಾಕಿದರು.

ಅಹಮದಾಬಾದ್ 2009ರ ಅಕ್ಟೋಬರ್‌ನಲ್ಲಿ ‘ಜನಮಾರ್ಗ್’ ಆರಂಭಿಸಿದಾಗ ಇದರ ತದ್ವಿರುದ್ಧ ಮಾಡಿತು. ಪ್ರತ್ಯೇಕ ಕಂಪನಿ, ಬಲಬದಿಗೆ ಬಾಗಿಲಿರುವ ಬಸ್, ಎರಡೂ ದಿಕ್ಕಿಗೆ ಒಂದೇ ನಡುನಿಲ್ದಾಣ, ಟಿಕೆಟ್ ನಿಲ್ದಾಣದಲ್ಲೇ. ಹಳೆಯ ನಗರ ಬಸ್ಸಿಗೆ ಹೊಸ ಬಣ್ಣ ಬಳಿದು ಒಳಗೆ ಬಿಡಲಿಲ್ಲ. ಹೆಸರಿಗೂ ಪಥಕ್ಕೂ ನಡುವೆ ಸಂದು ಉಳಿಯಲಿಲ್ಲ.

ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್ ಈ ಮಾದರಿಯನ್ನೇ ಇನ್ನಷ್ಟು ಬೆಳೆಸಿತು. ಸುಮಾರು 22 ಕಿ.ಮೀ. ಉದ್ದ, ವಿಶ್ವಬ್ಯಾಂಕ್ ನೆರವು, ಓಡಿಸುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ‘ಚಿಗರಿ’ ಬಸ್‌ಗಳು 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಿದವು, ವಿಧ್ಯುಕ್ತ ಉದ್ಘಾಟನೆ 2020ರ ಫೆಬ್ರುವರಿಯಲ್ಲಿ. ನಿಲ್ದಾಣಗಳ ಬಳಿ ಓವರ್‌ಟೇಕ್ ಪಥ ಕೊಟ್ಟಿದ್ದು ಇಲ್ಲಿನ ಜಾಣತನ. ಅದರಿಂದಲೇ ಎರಡು ಊರಿನ ನಡುವೆ ತಡೆರಹಿತ ಬಸ್ಸೂ ನಿಲ್ದಾಣಕ್ಕೊಮ್ಮೆ ನಿಲ್ಲುವ ಬಸ್ಸೂ ಒಟ್ಟಿಗೆ ಓಡುತ್ತವೆ. ಕಷ್ಟ ಬಂದದ್ದು ಪಥದ ಹೊರಗೆ. ಸಾಮಾನ್ಯ ಬಸ್ಸು, ಲಾರಿ, ಬೈಕು ಎಲ್ಲವೂ ಬದಿಯ ಕಿರಿದಾದ ಪಥಗಳಿಗೆ ಸರಿದವು. ಧಾರವಾಡದ ಟೋಲ್‌ನಾಕಾ ಬಳಿ ಮಳೆನೀರು ನಿಂತು ಜನ ರೋಸಿಹೋದರು. ಖಾಲಿ ಬಿದ್ದಿರುವ ನಡುಪಥವನ್ನು ಎಲ್ಲರಿಗೂ ತೆರೆಯಿರಿ ಎಂಬ ಬೇಡಿಕೆ ಬೆಳೆದದ್ದು ಈ ಸಿಟ್ಟಿನಿಂದ.

ಸಿಟ್ಟು ನ್ಯಾಯವಾದದ್ದೇ, ಬೇಡಿಕೆಯ ಲೆಕ್ಕ ಮಾತ್ರ ಕೂಡುವುದಿಲ್ಲ. ಎರಡು ನಿಮಿಷಕ್ಕೊಂದು ಬಸ್ ಓಡಿದರೆ ಗಂಟೆಗೆ 30 ಬಸ್, ಒಂದರಲ್ಲಿ 60 ಜನರಿದ್ದರೆ 1,800 ಜನ. ಆದರೂ ಎರಡು ಬಸ್ಸಿನ ನಡುವೆ ಪಥ ಖಾಲಿಯೇ ಕಾಣುತ್ತದೆ. ಸಿಗ್ನಲ್‌ಗಳಿರುವ ನಗರದ ರಸ್ತೆಯಲ್ಲಿ ಒಂದು ಪಥ ಗಂಟೆಗೆ ಸಾಗಿಸುವ ಕಾರು 800ರ ಆಸುಪಾಸು. ಕಾರಿಗೆ ಒಂದೂವರೆ ಜನರಂತೆ 1,200. ಪಥ ತುಂಬಿ ತುಳುಕುತ್ತದೆ, ಸಾಗುವ ಜನ ಕಡಿಮೆ. ಆದರೆ ಇದೇ ಲೆಕ್ಕ ಇನ್ನೊಂದು ದಿಕ್ಕಿಗೂ ಕತ್ತರಿಸುತ್ತದೆ: ಬಸ್‌ಗಳು ಕೆಟ್ಟು ಡಿಪೊದಲ್ಲಿ ನಿಂತು, ಆರು ನಿಮಿಷಕ್ಕೊಂದು ಬಂದರೆ ಸಾಗುವುದು 600 ಜನ ಮಾತ್ರ. ಆಗ ಪಥವನ್ನು ಸಮರ್ಥಿಸಲು ಯಾರ ಬಳಿಯೂ ಉತ್ತರವಿರುವುದಿಲ್ಲ. ಆದ್ದರಿಂದ ಬಿಡಿಭಾಗದ ದಾಸ್ತಾನು, ಹವಾನಿಯಂತ್ರಣ ಮತ್ತು ಬಾಗಿಲುಗಳ ದುರಸ್ತಿ, ಹಳೆಯ ಬಸ್ಸಿನ ಬದಲಿಗೆ ಹೊಸದನ್ನು ಕೊಳ್ಳಲು ವರ್ಷವರ್ಷ ತೆಗೆದಿಡುವ ಹಣ, ಇವು ಕಾಂಕ್ರೀಟ್‌ನಷ್ಟೇ ಯೋಜನೆಯ ಭಾಗ. ಬದಿಯ ಪಥದ ಚರಂಡಿಯೂ ಹಾಗೆಯೇ.