ಕಂದಾಚಾರ: ಸೈನ್ಯದ ಲೆಕ್ಕಕ್ಕೆ ಮೈಸೂರಿನ ಹಳೆಯ ಹೆಸರು

ಮೈಸೂರಿನ ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅರ್ಧ ಸೇವೆ ಸಮುದ್ರದಲ್ಲಿ, ಹಡಗೊಂದರ ಕಮಾಂಡಿಂಗ್ ಆಫೀಸರ್ ಆಗುವವರೆಗೆ. ಉಳಿದರ್ಧ ದೆಹಲಿಯಲ್ಲಿ, ರಕ್ಷಣಾ ಹಣಕಾಸಿನ ಫೈಲುಗಳ ನಡುವೆ. "ಹಡಗು ನಡೆಸಿದ್ದು ಎಲ್ಲರಿಗೂ ಅರ್ಥವಾಗುತ್ತೆ. ಆಮೇಲಿನ ಕೆಲಸಕ್ಕೆ ಕನ್ನಡದಲ್ಲಿ ಒಂದು ಮಾತೇ ಸಿಗೋದಿಲ್ಲವಲ್ಲ" ಎಂದು ಒಮ್ಮೆ ಬೇಸರಪಟ್ಟುಕೊಂಡರು. ಮಾತು ಇತ್ತು, ಮೈಸೂರಿನಲ್ಲೇ ಇತ್ತು: ಕಂದಾಚಾರ.

ಈಗ ಕಂದಾಚಾರ ಎಂದರೆ ಯಾಕೆ ಏನು ಎಂದು ಕೇಳದೆ ನಡೆಸಿಕೊಂಡು ಬಂದ ಕುರುಡು ಆಚರಣೆ. ಸಂಸ್ಥಾನದ ಆಡಳಿತದಲ್ಲಿ ಮಾತ್ರ ಅದು ಸೈನ್ಯದ ಇಲಾಖೆಯ ಹೆಸರು. ಚಿಕ್ಕದೇವರಾಜ ಒಡೆಯರು (1673–1704) ರಾಜ್ಯದ ಕೆಲಸವನ್ನು ಹದಿನೆಂಟು ಚಾವಡಿಗಳಿಗೆ, ಎಂದರೆ ಇಲಾಖೆಗಳಿಗೆ, ಹಂಚಿದರು. ಅದೇ ಅಠಾರಾ (ಹದಿನೆಂಟು) ಕಚೇರಿ. ಅವುಗಳಲ್ಲಿ ಎರಡು ಕಂದಾಚಾರದವು. ನಾಡಿನ ಸೀಮೆಗಳಲ್ಲಿದ್ದ ಪಡೆಗಳ ಲೆಕ್ಕ ಸೀಮೆಯ ಕಂದಾಚಾರದ ಚಾವಡಿಯದು. ರಾಜಧಾನಿ ಶ್ರೀರಂಗಪಟ್ಟಣದ ಪಡೆಗಳದು ಬಾಗಿಲ ಕಂದಾಚಾರದ ಚಾವಡಿಯದು. ಒಂದೊಂದಕ್ಕೂ ಮುಖ್ಯಸ್ಥನಾಗಿ ಒಬ್ಬ ಬಕ್ಷಿ, ಅವನ ಕೈಕೆಳಗೆ ದಫ್ತರಗಳು (ಲೆಕ್ಕದ ವಿಭಾಗಗಳು), ಗುಮಾಸ್ತರು. ಇವೆರಡೇ ಅಲ್ಲ. ಕಂದಾಯ ಮತ್ತು ಬೊಕ್ಕಸ ನೋಡುತ್ತಿದ್ದ ಆಯಕಟ್ಟಿನ ಚಾವಡಿಯಲ್ಲೂ ಸೈನ್ಯದ ಒಟ್ಟು ಲೆಕ್ಕ ಇರುತ್ತಿತ್ತು. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ: ಪಡೆಯ ಪಕ್ಕದಲ್ಲಿ ಒಂದು ಲೆಕ್ಕ, ಬೊಕ್ಕಸದ ಪಕ್ಕದಲ್ಲಿ ಇನ್ನೊಂದು.

ಕಂದಾಚಾರದ ಆಳುಗಳು ಹಳ್ಳಿಗರೇ. ಕೋಟೆ ಕಾಯುವುದು, ಊರಿನ ಕಾವಲು ಅವರ ಕೆಲಸ. ದಿವಾನ್ ಪೂರ್ಣಯ್ಯನವರ ಕಾಲದಲ್ಲೂ ಇದ್ದರು.

ನಮ್ಮ ಬೀದಿಯ ಹಿರಿಯರ ಸೇವೆಯ ಎರಡನೆಯ ಅರ್ಧಕ್ಕೆ ಬರೋಣ. ಹಡಗಿನಲ್ಲಿ ಕಮಾಂಡಿಂಗ್ ಆಫೀಸರ್ ಮಾತೇ ಕೊನೆಯದು. ದುಡ್ಡಿನ ವಿಷಯದಲ್ಲಿ ಹಾಗಲ್ಲ. ಯಾವ ಹುದ್ದೆಯವರು ಎಷ್ಟು ಮೊತ್ತದವರೆಗೆ ಮಂಜೂರು ಮಾಡಬಹುದೆಂದು ಬರೆದಿಟ್ಟ ಪಟ್ಟಿಯೇ ಇದೆ. ಮಿತಿ ದಾಟಿದರೆ ಫೈಲು ಮೇಲಕ್ಕೆ ಹೋಗಬೇಕು, ಜೊತೆಗೆ ಹಣಕಾಸು ಸಲಹೆಗಾರರ ಸಮ್ಮತಿಯೂ ಬೇಕು. ಹಣ ಪಾವತಿಸಿ ಲೆಕ್ಕ ಬರೆಯುವುದು ಮತ್ತೊಂದು ಇಲಾಖೆ, ರಕ್ಷಣಾ ಲೆಕ್ಕಪತ್ರ ಇಲಾಖೆ. ಅದರ ನೌಕಾಪಡೆಯ ಪ್ರಧಾನ ನಿಯಂತ್ರಕರ ಕಚೇರಿ ಮುಂಬೈಯಲ್ಲಿದೆ. ಖರ್ಚಿನಲ್ಲೂ ಎರಡು ಬಗೆ. ಹೊಸ ಹಡಗು ಕೊಂಡರೆ ಬಂಡವಾಳ ವೆಚ್ಚ. ಸಂಬಳ, ಇಂಧನ, ನಿತ್ಯದ ದುರಸ್ತಿ ರಾಜಸ್ವ ವೆಚ್ಚ.

ನಮ್ಮೂರಿನ ಹೆಸರಿನ ಹಡಗನ್ನೇ ನೋಡಿ. ಮೊದಲ ಐಎನ್‌ಎಸ್ ಮೈಸೂರು ಬ್ರಿಟನ್ನಿನಿಂದ ಕೊಂಡ ಕ್ರೂಸರ್; 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಕೊಂಡದ್ದು ಒಂದು ಸಲ, ಆದರೆ 1985ರಲ್ಲಿ ನಿವೃತ್ತಿಯಾಗುವ ತನಕ ಅದರ ನಾವಿಕರಿಗೆ ಸಂಬಳ ಕೊಡಬೇಕು, ಎಣ್ಣೆ ತುಂಬಬೇಕು. ಗಂಡಭೇರುಂಡದ ಲಾಂಛನ ಹೊತ್ತ ಈಗಿನ ಐಎನ್‌ಎಸ್ ಮೈಸೂರು 1999ರಿಂದ ಸೇವೆಯಲ್ಲಿದೆ. ಅದಕ್ಕೂ ಇದೇ ನಿತ್ಯದ ಲೆಕ್ಕ. ಈ ಕೆಲಸವನ್ನು ಕೆಲವರು ಗುಮಾಸ್ತಗಿರಿ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಸಂಬಳ ತಪ್ಪಿದ ಪಡೆ ಯಾವ ಕಾಲದಲ್ಲೂ ನಿಂತಿಲ್ಲ.

ಹಳೆಯ ಅರ್ಥವನ್ನು ಮತ್ತೆ ಬಳಕೆಗೆ ತರಲಾಗದು, ಹೊಸದು ಅಷ್ಟು ಗಟ್ಟಿಯಾಗಿ ಬೇರೂರಿದೆ. ಆದರೆ ಸಂಸ್ಥಾನದ ದಾಖಲೆ ಓದುವಾಗ "ಕಂದಾಚಾರದ ಖರ್ಚು" ಎಂದು ಕಂಡರೆ ಪೂಜೆ ಪುನಸ್ಕಾರದ ಖರ್ಚೆಂದು ತಿಳಿಯಬೇಡಿ. ಅದು ಸಿಪಾಯಿಗಳ ಸಂಬಳ.