ಅಡಿಕೆ ತೋಟದಿಂದ ಶಿರಸಿ ಸೀಮೆಯನ್ನು ಓದೋಣ: ಅಧ್ಯಯನ ಟಿಪ್ಪಣಿ

ಒಂದು ಗ್ರಾಮೀಣ ಪ್ರದೇಶದ ಬಗ್ಗೆ ಓದುವಾಗ ಪರಂಪರೆ, ಆರ್ಥಿಕತೆ, ಸಂಸ್ಕೃತಿ ಅಂತ ಮೂರು ಪಟ್ಟಿ ಮಾಡಿ ಬಾಯಿಪಾಠ ಮಾಡುವವರೇ ಜಾಸ್ತಿ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ ಕಡೆಯನ್ನು ಹಾಗೆ ಓದಿದರೆ ತಲೆಗೆ ಹತ್ತುವುದಿಲ್ಲ. ಇಲ್ಲಿ ಮೂರೂ ಅಡಿಕೆ ತೋಟದಲ್ಲಿ ಬಂದು ಕೂಡುತ್ತವೆ. ಹಾಗಾಗಿ ತೋಟದಿಂದಲೇ ಶುರು ಮಾಡೋಣ.

ತೋಟ ಮತ್ತು ಬೆಟ್ಟ

ಘಟ್ಟದ ಮೇಲೆ ಹಳೆಯ ತೋಟಗಳಿರುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ. ನೀರು ಅಲ್ಲೇ ಸಿಗುತ್ತದೆ, ಗಾಳಿ ಬಿಸಿಲಿನ ಹೊಡೆತವೂ ಕಡಿಮೆ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ, ಮರಗಳ ಮಧ್ಯೆ ಬಾಳೆ, ಏಲಕ್ಕಿ.

ತೋಟದ ಪಕ್ಕದ ಕಾಡಿಗೆ ಸೊಪ್ಪಿನ ಬೆಟ್ಟ ಎನ್ನುತ್ತಾರೆ. ಅಲ್ಲಿಂದ ಸೊಪ್ಪು, ದರಕು (ಒಣ ಎಲೆ) ತಂದು ಕೊಟ್ಟಿಗೆಗೆ ಹಾಸುತ್ತಾರೆ. ಅದು ಸಗಣಿಯೊಂದಿಗೆ ಕೊಳೆತು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಬ್ರಿಟಿಷರ ಕಾಲದಲ್ಲೇ ಇದಕ್ಕೆ ನಿಯಮ ಬಂತು. ಶಿರಸಿ ಕಡೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದುಂಟು. ಒಂದು ಮಾತು ಚೆನ್ನಾಗಿ ನೆನಪಿಡಿ: ಸಿಕ್ಕಿದ್ದು ಬಳಸುವ ಹಕ್ಕು, ಒಡೆತನವಲ್ಲ. ತೋಟವೇ ಇಲ್ಲದವರಿಗೆ ಈ ಹಕ್ಕೂ ಇರಲಿಲ್ಲ.

ಇದು ತಿಳಿದರೆ ಕಾಡು ಉಳಿಸಲು ಇಲ್ಲಿ ನಡೆದ ಅಪ್ಪಿಕೋ ಚಳವಳಿ ತಾನಾಗಿ ಅರ್ಥವಾಗುತ್ತದೆ. ಸಹಜ ಕಾಡು ಕಡಿದು ತೇಗದ ನೆಡುತೋಪು ಮಾಡುವ ಕೆಲಸ ನಡೆದಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಸುತ್ತಲಿನ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಪಾಂಡುರಂಗ ಹೆಗಡೆ ಇದರ ಮುಂದಾಳುಗಳಲ್ಲಿ ಒಬ್ಬರು. ಆ ಜನಕ್ಕೆ ಕಾಡು ನೋಡಿ ಖುಷಿಪಡುವ ಜಾಗ ಮಾತ್ರ ಆಗಿರಲಿಲ್ಲ. ಗೊಬ್ಬರ, ಝರಿ ನೀರು, ಜೇನು, ಉಪ್ಪಿನಕಾಯಿಯ ಅಪ್ಪೆಮಿಡಿ ಮಾವು ಎಲ್ಲ ಬರುತ್ತಿದ್ದುದು ಅಲ್ಲಿಂದಲೇ. ಉತ್ತರ ಬರೆಯುವಾಗ ಇದನ್ನು ಪರಿಸರ ಪ್ರೇಮ ಅಂತ ಸುಮ್ನೆ ಒಂದು ಸಾಲಿನಲ್ಲಿ ಮುಗಿಸಬೇಡಿ.

ಕೊಯ್ಲಿನಿಂದ ಟೆಂಡರಿನವರೆಗೆ

ಮಳೆಗಾಲದ ದೊಡ್ಡ ಭಯ ಕೊಳೆ ರೋಗ. ಮಳೆ ಹಿಡಿಯುವ ಮೊದಲೇ ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ನಡುವೆ ಇನ್ನೊಮ್ಮೆ. ಮಳೆ ಬಿಡದೆ ಹೊಡೆದರೆ ಎರಡನೆಯ ಸಿಂಪಡಣೆಗೆ ಬಿಡುವೇ ಸಿಗುವುದಿಲ್ಲ, ಕಾಯಿ ಉದುರುತ್ತದೆ.

ಕೊಯ್ಲಿನಲ್ಲಿ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರದ್ದೇ ಮುಖ್ಯ ಪಾತ್ರ. ಒಂದು ಮರ ಹತ್ತಿದವರು ಕೆಳಗಿಳಿಯದೆ, ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾರೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ಬರುತ್ತದೆ. ಜೀವ ಪಣಕ್ಕಿಟ್ಟು ಮಾಡುವ ಈ ಕೌಶಲವನ್ನು ಪಾಠಗಳು ಒಂದು ಪದದಲ್ಲಿ 'ಕೂಲಿ' ಎಂದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಹೀಗೆ ಹತ್ತುವವರು ಈಗ ಕಡಿಮೆಯಾಗಿದ್ದಾರೆ. ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ.

ಮುಂದೆ ಎರಡು ದಾರಿ. ಎಳೆ ಅಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಸುಮಾರು 40 ದಿನ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಕೆಂಪಡಿಕೆಯ ಸುಲಿತ ಹಿಂದೆ ರಾತ್ರಿ ಹೊತ್ತು ನಡೆಯುತ್ತಿತ್ತು. ಊರವರು ಕೂಡುತ್ತಿದ್ದರು, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆಯೇ ಕಥೆ, ಹಾಡು, ಊರಿನ ಸುದ್ದಿ. ಈ ಭಾಗದ ಜನಪದ ಸಾಹಿತ್ಯ ಹುಡುಕುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಶಿರಸಿಯ ತೋಟಗಾರರ ಮಾರಾಟ ಸಂಘ, ಅಂದರೆ ಟಿಎಸ್ಎಸ್, ಹುಟ್ಟಿದ್ದು 1923ರಲ್ಲಿ. ಬೆಳೆಗಾರ ತನ್ನ ರಾಶಿಯನ್ನು ಸಂಘದಲ್ಲಿ ಇಡುತ್ತಾನೆ, ವ್ಯಾಪಾರಿಗಳು ನೋಡಿ ಟೆಂಡರಿನಲ್ಲಿ ದರ ಬರೆಯುತ್ತಾರೆ. ಒಬ್ಬನೇ ವ್ಯಾಪಾರಿ ಹೇಳಿದ ದರಕ್ಕೆ ತಲೆಯಾಡಿಸಬೇಕಾಗಿಲ್ಲ, ಸಹಕಾರದ ಲಾಭ ಇದೇ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚ್ಯಂಕ, ಅಂದರೆ ಇದು ಈ ಸೀಮೆಯದೇ ಬೆಳೆ ಎಂಬ ಗುರುತಾದ ಜಿಐ ಟ್ಯಾಗ್, ಸಿಕ್ಕಿತು.

ಆಟ, ಜಾತ್ರೆ, ಗೋಡೆ

ಬಯಲಾಟಕ್ಕೂ ಮಳೆಯೇ ಕಾಲ ಗೊತ್ತುಮಾಡುತ್ತದೆ. ಯಕ್ಷಗಾನ ಮೇಳಗಳ ತಿರುಗಾಟ ಮಳೆ ನಿಂತ ಮೇಲೆ ಶುರುವಾಗಿ ಬೇಸಿಗೆ ಮುಗಿಯುವವರೆಗೆ ನಡೆಯುತ್ತದೆ. ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಓಡಾಡುವ ಕಾಲವೂ ಅದೇ ಅಲ್ವಾ? ಮಳೆಗಾಲಕ್ಕೆ ತಾಳಮದ್ದಲೆ: ವೇಷವಿಲ್ಲ, ಕುಣಿತವಿಲ್ಲ, ಮನೆಯೊಳಗೆ ಕೂತು ಮಾತಿನಲ್ಲೇ ಪ್ರಸಂಗ ಕಟ್ಟುವುದು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ.

ಇಲ್ಲಿನ ಸಂಸ್ಕೃತಿ ಎಂದರೆ ತೋಟದ ಯಜಮಾನರದ್ದು ಮಾತ್ರ ಎಂದುಕೊಂಡರೆ ಅರ್ಧ ಓದಿದ ಹಾಗೆ. ದೀವರು ಎಂಬ ಸಮುದಾಯದ ಹೆಂಗಸರು ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯಕ್ಕೆ ಡಮಾಮಿ ಕುಣಿತವಿದೆ.

ಅಭ್ಯಾಸಕ್ಕೆ: ಒಂದು ಹಾಳೆಯಲ್ಲಿ 12 ತಿಂಗಳು ಬರೆದುಕೊಳ್ಳಿ. ಪ್ರತಿ ತಿಂಗಳ ಮುಂದೆ ತೋಟದ ಕೆಲಸ, ಅದನ್ನು ಮಾಡುವವರು, ದುಡ್ಡು ಬರುವ ದಾರಿ, ಊರಿನ ಆಟ-ಹಬ್ಬ ತುಂಬಿಸಿ. ಯಾವ ತಿಂಗಳಲ್ಲಿ ಯಾರ ಕೈ ಖಾಲಿ ಇರುತ್ತದೆ ಎಂಬುದಕ್ಕೆ ಬೇರೆ ಬಣ್ಣದ ಪೆನ್ ಬಳಸಿ.