ಚಾರ್ಜ್ ಎಂಬ ಹೊರೆ

‘ಚಾರ್ಜ್‌ಶೀಟ್ ಸಲ್ಲಿಕೆ: ಆರೋಪ ಸಾಬೀತು!’ ಟಿವಿ ಪರದೆಯ ಕೆಳಗೆ ಇಂಥ ಸಾಲು ಇನ್ನೆಷ್ಟು ಸಲ ಓಡಬೇಕೋ. ಸಾಬೀತಾಗುವುದಿರಲಿ, ಆ ಹೊತ್ತಿಗೆ ಕೋರ್ಟು ಆರೋಪವನ್ನೇ ಹೊರಿಸಿರುವುದಿಲ್ಲ.

ಫೋನನ್ನು ಚಾರ್ಜಿಗೆ ಹಾಕುವುದು, ಬಸ್ ಚಾರ್ಜು ಕೊಡುವುದು, ಆಫೀಸಿನಲ್ಲಿ ಚಾರ್ಜ್ ತಗೊಳ್ಳುವುದು ಯಾರಿಗೂ ಹೇಳಿಕೊಡಬೇಕಿಲ್ಲ. ಇವೆಲ್ಲ ಒಂದೇ ಪದ ಹೇಗಾಯಿತು ಅನ್ನುವುದಕ್ಕೆ ಮಾತ್ರ ಗಾಡಿ ಕಟ್ಟಬೇಕು. ಲ್ಯಾಟಿನ್ನಿನಲ್ಲಿ ‘ಕರ್ರುಸ್’ ಅಂದರೆ ಗಾಡಿ, ಈಗಿನ ಫ್ರಾನ್ಸಿನ ಕಡೆ ಹಿಂದೆ ಇದ್ದ ಗಾಲ್ ಜನರ ಭಾಷೆಯಿಂದ ಬಂದದ್ದು. ಅದರಿಂದ ‘ಕರ್ರಿಕಾರೆ’, ಗಾಡಿಗೆ ಸರಕು ಹೇರುವುದು. ಹಳೆಯ ಫ್ರೆಂಚನ್ನು ಹಾದು ಇಂಗ್ಲಿಷಿಗೆ ಇಳಿದಾಗ ಚಾರ್ಜ್ ಆಯಿತು. ಕಾರ್, ಕ್ಯಾರಿ, ಕಾರ್ಗೋ ಇದರ ದಾಯಾದಿಗಳು. ಕೋವಿಗೆ ತುಂಬಿದ ಮದ್ದು, ಹೆಗಲಿಗೆ ಬಿದ್ದ ಹುದ್ದೆ, ಜೇಬಿಗೆ ಬಿದ್ದ ಶುಲ್ಕ, ತಲೆಗೆ ಬಂದ ಆಪಾದನೆ ಎಲ್ಲವೂ ಹೊರೆಯೇ.

ಕನ್ನಡಕ್ಕೆ ಇದು ಹೊಸತಲ್ಲ. ನಾವೂ ಹೊಣೆ ಹೊರುತ್ತೇವೆ, ತೆರಿಗೆ ಹೇರುತ್ತೇವೆ, ತಪ್ಪು ಹೊರಿಸುತ್ತೇವೆ. ಸರ್ಕಾರಿ ಕಡತದ ‘ಪ್ರಭಾರ’ದೊಳಗೂ ಭಾರ ಕೂತಿದೆ. ‘ಆರೋಪ’ ಅಂದರೂ ಮೇಲೇರಿಸಿದ್ದು. ಬಿಲ್ಲಿಗೆ ಹೆದೆ ಏರಿಸುವುದೂ ಸಂಸ್ಕೃತದಲ್ಲಿ ಆರೋಪಣವೇ. ವಿದ್ಯುತ್ತಿನ ಚಾರ್ಜನ್ನು ಮಾತ್ರ ಪಠ್ಯಪುಸ್ತಕದವರು ‘ಆವೇಶ’ ಮಾಡಿ ಅದರ ಮೈಮೇಲೆ ದೇವರು ಬರಿಸಿದರು. ಲಾಠಿ ಚಾರ್ಜ್ ‘ಲಾಠಿ ಪ್ರಹಾರ’ವಾಗಿ ಚೆನ್ನಾಗೇ ಕೂತಿದೆ. ಅದರ ಹಿಂದಿನ ‘ಲಘು’ ಯಾರ ಲೆಕ್ಕವೋ, ಪೆಟ್ಟು ತಿಂದವರದಂತೂ ಅಲ್ಲ.

ಇನ್ನು ಕೋರ್ಟಿನ ವಿಷಯ. ಎಫ್‌ಐಆರ್ ಅಂದರೆ ಅಪರಾಧದ ಮಾಹಿತಿ ದಾಖಲಾಯಿತು, ಅಷ್ಟೇ. ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ, ತನಿಖೆ ಮುಗಿಸಿದ ಪೊಲೀಸರು ಕೋರ್ಟಿಗೆ ಕೊಡುವ ವರದಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕರಣ ನಡೆಸುವ ಕ್ರಮದ ಕಾನೂನು) 193ನೇ ಸೆಕ್ಷನ್ ಅದನ್ನು ವರದಿ ಅಂತಲೇ ಕರೆಯುತ್ತದೆ. ಆರೋಪಿ ಬಂಧನದಲ್ಲಿದ್ದು 60 ದಿನದೊಳಗೆ ಅದು ಸಲ್ಲಿಕೆಯಾಗದಿದ್ದರೆ, ಜಾಮೀನು ಪಡೆಯುವ ಹಕ್ಕು ಅವನಿಗೆ ತಾನಾಗಿ ಬರುತ್ತದೆ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಇಲ್ಲವೇ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಪ್ರಕರಣವಾದರೆ 90 ದಿನ. 89ನೇ ದಿನ ಸಾವಿರಾರು ಪುಟದ ಕಟ್ಟು ಕೋರ್ಟಿಗೆ ಬಂತೆಂದರೆ ಅಪರಾಧ ದೊಡ್ಡದಾಯಿತು ಅಂತಲ್ಲ, ಗಡುವು ಹತ್ತಿರ ಬಂತು ಅಂತ.

ನಿಜವಾದ ‘ಚಾರ್ಜ್’ ಆಮೇಲಿನದು. ನ್ಯಾಯಾಧೀಶರು ಎರಡೂ ಕಡೆಯ ವಾದ ಕೇಳಿ, ಇಂಥ ದಿನ, ಇಂಥ ಜಾಗ, ಇಂಥ ಕೃತ್ಯ, ಇಂಥ ಸೆಕ್ಷನ್ ಅಂತ ಬರೆದು, ಆರೋಪಿಗೆ ಓದಿ ಹೇಳಿ, ತಪ್ಪೊಪ್ಪಿಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಆರೋಪ ನಿಗದಿ ಅಂದರೆ ಇದು. ಸಾಕ್ಷಿಗಳ ವಿಚಾರಣೆ ಶುರುವಾಗುವುದೇ ಇಲ್ಲಿಂದ.

ಆರೋಪ ನಿಗದಿ ಮಾಡುವಷ್ಟು ಹುರುಳೇ ಇಲ್ಲ ಅನ್ನಿಸಿದರೆ ಹೊರೆ ಇಳಿಸಿಬಿಡುತ್ತಾರೆ: ಡಿಸ್ಚಾರ್ಜ್. ಇದನ್ನು ‘ಖುಲಾಸೆ’ ಅಂತ ಬರೆಯುವುದು ಇನ್ನೊಂದು ಚಾಳಿ. ಖುಲಾಸೆ ವಿಚಾರಣೆಯೆಲ್ಲ ಮುಗಿದ ಮೇಲಿನ ತೀರ್ಪು. ಅದು ಊರ್ಜಿತವಾಗಿರುವವರೆಗೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ನಡೆಸುವಂತಿಲ್ಲ. ಡಿಸ್ಚಾರ್ಜ್ ಆದವನಿಗೆ ಆ ರಕ್ಷಣೆ ಇಲ್ಲ. ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಕಟಕಟೆ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದವರು ಮತ್ತೆ ಅಡ್ಮಿಟ್ ಆಗುವ ಹಾಗೆ. ತಲೆಬರಹದಲ್ಲಿ ‘ಆರೋಪ ಕೈಬಿಟ್ಟ ಕೋರ್ಟ್’ ಅಂತ ಬರೆಯಿರಿ, ‘ಖುಲಾಸೆ’ಗಿಂತ ನಾಲ್ಕಕ್ಷರ ಹೆಚ್ಚಾದರೂ ಚಿಂತೆಯಿಲ್ಲ.